ಮೈಕ್ ಹಿಡಿದವ ಮ್ಯಾಟ್ ಹಾಸಿದ

2022ರ ಫೆಬ್ರುವರಿ 12, ಶನಿವಾರ ಮಧ್ಯಾಹ್ನ. ಬೆಂಗಳೂರಿನ ಐಟಿಸಿ ಗಾರ್ಡೇನಿಯಾ ಹೋಟೆಲಿನಲ್ಲಿ ಐಪಿಎಲ್ ಮೆಗಾ ಹರಾಜು ನಡೆದಿತ್ತು. ಶ್ರೀಲಂಕಾದ ಆಲ್‌ರೌಂಡರ್ ವನಿಂದು ಹಸರಂಗ ಅವರ ಬೆಲೆ ಕೋಟಿಗಳ ಲೆಕ್ಕದಲ್ಲಿ ಏರುತ್ತಿದ್ದಾಗ, ಹರಾಜು ಕೂಗುತ್ತಿದ್ದ ಬ್ರಿಟನ್ನಿನ ಹ್ಯೂ ಎಡ್‌ಮೀಡ್ಸ್ ನಿಂತಲ್ಲೇ ಕುಸಿದು ಬಿದ್ದರು. ರಕ್ತದೊತ್ತಡ ದಿಢೀರನೆ ಇಳಿದಿತ್ತು. ಜೀವಕ್ಕೆ ಅಪಾಯ ಇರಲಿಲ್ಲ. ಆದರೆ ಹತ್ತು ತಂಡಗಳ ಮಾಲೀಕರು ಮೇಜಿನ ಮುಂದೆ ಕೂತಿದ್ದರು, ದೇಶವೆಲ್ಲ ಟಿವಿ ನೋಡುತ್ತಿತ್ತು, ಸುತ್ತಿಗೆ ಹಿಡಿಯುವ ಕೈ ಮಾತ್ರ ಇರಲಿಲ್ಲ.

ಆಗ ಹೋಟೆಲಿನಿಂದ ಅಷ್ಟೇನೂ ದೂರವಿಲ್ಲದ ಒಂದು ಮನೆಗೆ ಫೋನ್ ಹೋಯಿತು. ಊಟದ ಹೊತ್ತಿನಲ್ಲಿದ್ದ ಚಾರು ಶರ್ಮಾ ಬಟ್ಟೆ ಬದಲಿಸಿ ಹೊರಟರು. ಊಟದ ವಿರಾಮ ಮುಗಿದು ಹರಾಜು ಮತ್ತೆ ಶುರುವಾದಾಗ ವೇದಿಕೆಯ ಮೇಲೆ ಅವರಿದ್ದರು. ಹಸರಂಗ 10.75 ಕೋಟಿ ರೂಪಾಯಿಗೆ ಬೆಂಗಳೂರು ತಂಡದ ಪಾಲಾದರು. ಸ್ವಲ್ಪ ಹೊತ್ತಿಗೆ ಇಶಾನ್ ಕಿಶನ್ 15.25 ಕೋಟಿಗೆ ಮುಂಬೈ ಸೇರಿ ಆ ಹರಾಜಿನ ಅತಿ ದುಬಾರಿ ಆಟಗಾರ ಎನಿಸಿಕೊಂಡರು. ಎರಡು ದಿನಗಳಲ್ಲಿ ಮಾರಾಟವಾದವರು 204 ಮಂದಿ, ಖರ್ಚಾದ ಹಣ 551.70 ಕೋಟಿ ರೂಪಾಯಿ. ನಡುವೆ ಖಲೀಲ್ ಅಹ್ಮದ್ ಸರದಿಯಲ್ಲಿ ಮುಂಬೈ ಮತ್ತು ದೆಹಲಿಯ ಪೈಕಿ ಕೊನೆಯ ಕೂಗು ಯಾರದ್ದೆಂಬ ಲೆಕ್ಕ ತಪ್ಪಿತೆಂದು ಹೇಳುವ ವಿಡಿಯೊ ಒಂದು ಹರಿದಾಡಿತು. ಎರಡನೇ ದಿನದ ಕೊನೆಗೆ ಎಡ್‌ಮೀಡ್ಸ್ ಚೇತರಿಸಿಕೊಂಡು ಬಂದರು. ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಶರ್ಮಾ ಸುತ್ತಿಗೆಯನ್ನು ಅವರ ಕೈಗೆ ಕೊಟ್ಟು ಪಕ್ಕಕ್ಕೆ ಸರಿದರು.

ಆ ಸಂಜೆ ಬಹಳಷ್ಟು ಹುಡುಗರು ಫೋನಿನಲ್ಲಿ ಹುಡುಕಿದ್ದು ಒಂದೇ ಪ್ರಶ್ನೆ: ಯಾರೀ ಚಾರು ಶರ್ಮಾ?

ನಲವತ್ತು ದಾಟಿದವರಿಗೆ ಆ ಪ್ರಶ್ನೆಯೇ ಬೇಕಾಗಿರಲಿಲ್ಲ. ಅವರಿಗೆ ಆ ಗಡ್ಡ, ಆ ತಣ್ಣಗಿನ ದನಿ ಪರಿಚಿತ. ಆದರೆ ಬಾಗಲಕೋಟೆ ಜಿಲ್ಲೆಯ ತೇರದಾಳದಂಥ ಊರಿನಲ್ಲಿ ಸಂಜೆ ಲೈಟು ಹಾಕಿ ಕಬಡ್ಡಿ ಆಡುವ ಹುಡುಗರು ಆ ಹೆಸರನ್ನು ತಿಳಿದಿರಬೇಕಾದ ಕಾರಣ ಬೇರೆಯೇ ಇದೆ. ಅವರು ಆಡುವ ಆಟಕ್ಕೆ ಟಿವಿಯಲ್ಲಿ ಜಾಗ ಮಾಡಿಕೊಟ್ಟ ಇಬ್ಬರಲ್ಲಿ ಇವರೂ ಒಬ್ಬರು.

ಒಂದು ವಾಹಿನಿಯ ಕಾಲ

ಟಿವಿ ಕ್ರೀಡಾ ನಿರೂಪಕ ಎಂಬ ಕಸುಬು ಭಾರತದಲ್ಲಿ ಹಳೆಯದಲ್ಲ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೂರದರ್ಶನಕ್ಕೆ ಬಣ್ಣ ಬಂತು. ಮರುವರ್ಷ ಲಾರ್ಡ್ಸ್‌ನಲ್ಲಿ ಕಪಿಲ್ ದೇವ್ ವಿಶ್ವಕಪ್ ಎತ್ತಿದರು. ಆ ಟೂರ್ನಿಯಲ್ಲಿ 18 ವಿಕೆಟ್ ಕಿತ್ತು ಎಲ್ಲರಿಗಿಂತ ಮುಂದಿದ್ದವರು ಬೆಂಗಳೂರಿನ ರೋಜರ್ ಬಿನ್ನಿ. ಆದರೂ ಮುಂದೆ ಹಲವು ವರ್ಷ ದೇಶದಲ್ಲಿ ಟಿವಿ ಎಂದರೆ ದೂರದರ್ಶನ ಒಂದೇ. ಅಲ್ಲಿ ಆಟದ ವಿವರಣೆಗೆ ಇಂಗ್ಲಿಷ್ ಮತ್ತು ಹಿಂದಿ ಪಾಳಿ ಹಂಚಿಕೊಂಡಿದ್ದವು. ಕ್ರೀಡೆಯನ್ನು ನಿರೂಪಿಸುವುದನ್ನೇ ನಂಬಿ ಬದುಕುವುದು ಯಾರಿಗೂ ಸಾಧ್ಯವಿರಲಿಲ್ಲ. ಡಾಕ್ಟರು, ಪ್ರಾಧ್ಯಾಪಕರು, ಸರ್ಕಾರಿ ನೌಕರರು ರಜೆ ಹಾಕಿ ಬಂದು ಮೈಕ್ ಮುಂದೆ ಕೂರುತ್ತಿದ್ದರು.

ಈ ಚಿತ್ರ ಬದಲಾದದ್ದು ಕೋರ್ಟಿನಲ್ಲಿ. 1993ರ ಹೀರೊ ಕಪ್ ಪ್ರಸಾರದ ಹಕ್ಕನ್ನು ಬಂಗಾಳ ಕ್ರಿಕೆಟ್ ಸಂಸ್ಥೆ ವಿದೇಶಿ ಕಂಪನಿಗೆ ಕೊಟ್ಟಿತು. ಸರ್ಕಾರ ಒಪ್ಪಲಿಲ್ಲ. ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. 1995ರ ಫೆಬ್ರುವರಿಯಲ್ಲಿ ಬಂದ ತೀರ್ಪು, ಗಾಳಿಯಲ್ಲಿ ಹರಿಯುವ ತರಂಗಗಳು ಸಾರ್ವಜನಿಕರ ಆಸ್ತಿ, ಅವುಗಳ ಮೇಲೆ ಸರ್ಕಾರದ ಏಕಸ್ವಾಮ್ಯ ಇಲ್ಲ ಎಂದು ಹೇಳಿತು. ಅದೇ ಆಸುಪಾಸಿನಲ್ಲಿ ಇಎಸ್‌ಪಿಎನ್, ಸ್ಟಾರ್ ಸ್ಪೋರ್ಟ್ಸ್ ಕೇಬಲ್ ಮೂಲಕ ಮನೆಮನೆ ಹೊಕ್ಕವು. ದಿನದ ಇಪ್ಪತ್ನಾಲ್ಕು ತಾಸೂ ಆಟ ತೋರಿಸುವ ವಾಹಿನಿಗೆ ಆಟ ಇಲ್ಲದ ಹೊತ್ತನ್ನೂ ತುಂಬಬೇಕು. ಪಂದ್ಯಕ್ಕೆ ಮುನ್ನ ಮಾತು, ಮಳೆ ಬಂದಾಗ ಮಾತು, ಮುಗಿದ ಮೇಲೆ ಮಾತು. ಆಟಗಾರರಲ್ಲದ, ಮಾತು ಬಲ್ಲ ಒಬ್ಬ ಮನುಷ್ಯನಿಗೆ ಸಂಬಳ ಕೊಡುವ ಅಗತ್ಯ ಬಿದ್ದದ್ದು ಹೀಗೆ.

ಹೈದರಾಬಾದಿನ ಹರ್ಷ ಭೋಗ್ಲೆ ಆ ಬಾಗಿಲಿನಿಂದ ಒಳಬಂದವರು. ಕೆಮಿಕಲ್ ಎಂಜಿನಿಯರಿಂಗ್ ಓದಿ, ಅಹಮದಾಬಾದಿನ ಐಐಎಂನಲ್ಲಿ ಆಡಳಿತ ಕಲಿತು, ಜಾಹೀರಾತು ಕಂಪನಿಯಲ್ಲಿ ಕೆಲಸ ಮಾಡಿ ಆಮೇಲೆ ಕ್ರಿಕೆಟ್ಟಿನ ಮಾತನ್ನೇ ವೃತ್ತಿ ಮಾಡಿಕೊಂಡರು. ಕ್ವಿಜ್ ಮಾಸ್ಟರ್ ಆಗಿಯೂ ವೇದಿಕೆ ಕಾರ್ಯಕ್ರಮಗಳ ನಿರೂಪಕರಾಗಿಯೂ ಹೆಸರಿದ್ದ ಚಾರು ಶರ್ಮಾ ಅದೇ ಪೀಳಿಗೆಯವರು. ಇಬ್ಬರೂ ಭಾರತ ತಂಡಕ್ಕೆ ಆಡಿದವರಲ್ಲ. ಆಡಿದವರನ್ನು ಮಾತಾಡಿಸುವುದು ಅವರ ಕೆಲಸವಾಯಿತು.

ಸೋಫಾ ಬಂದ ವರ್ಷ

2003ರ ವಿಶ್ವಕಪ್ ಮುಖ್ಯವಾಗಿ ದಕ್ಷಿಣ ಆಫ್ರಿಕಾದಲ್ಲಿ ನಡೆಯಿತು. ಪ್ರಸಾರದ ಹಕ್ಕು ಸೋನಿಯದು, ತೋರಿಸಿದ್ದು ಸೆಟ್ ಮ್ಯಾಕ್ಸ್ ಎಂಬ ಸಿನಿಮಾ ವಾಹಿನಿ. ಧಾರಾವಾಹಿ ನೋಡುವ ಮನೆಯವರನ್ನೂ ಕ್ರಿಕೆಟ್ ಮುಂದೆ ಕೂರಿಸುವ ಲೆಕ್ಕ ಅವರದು. ಅದಕ್ಕಾಗಿ ಕಟ್ಟಿದ ಕಾರ್ಯಕ್ರಮವೇ ಎಕ್ಸ್‌ಟ್ರಾ ಇನಿಂಗ್ಸ್. ಸ್ಟುಡಿಯೊದಲ್ಲಿ ಮಾಜಿ ಆಟಗಾರರು, ಅವರ ನಡುವೆ ನಟಿ ಮಂದಿರಾ ಬೇಡಿ ಮತ್ತು ಚಾರು ಶರ್ಮಾ.

ಮಂದಿರಾ ಮೇಲೆ ಟೀಕೆ ಸುರಿಮಳೆಯಾಯಿತು. ಆಕೆಯ ಸೀರೆ ರವಿಕೆಯ ಬಗ್ಗೆ ಪತ್ರಿಕೆಗಳು ಬರೆದವು. ಆಕೆ ಕೇಳುವ ಪ್ರಶ್ನೆ ಬಾಲಿಶ ಎಂದು ಕ್ರಿಕೆಟ್ ಪಂಡಿತರು ಮೂಗು ಮುರಿದರು. ಪಕ್ಕ ಕೂತ ಮಾಜಿ ಆಟಗಾರರೇ ತನ್ನ ಪ್ರಶ್ನೆಗೆ ಸರಿಯಾಗಿ ಉತ್ತರಿಸದೆ ಕ್ಯಾಮೆರಾ ಕಡೆ ತಿರುಗಿ ತಮ್ಮ ಮಾತು ಹೇಳುತ್ತಿದ್ದರೆಂದು ಆಕೆ ನಂತರ ಸಂದರ್ಶನಗಳಲ್ಲಿ ಹೇಳಿಕೊಂಡರು. ಜೋಹಾನ್ಸ್‌ಬರ್ಗ್ ಫೈನಲ್‌ನಲ್ಲಿ ಆಸ್ಟ್ರೇಲಿಯಾದ ಪಾಂಟಿಂಗ್ ಅಜೇಯ 140 ಹೊಡೆದು ಭಾರತ 125 ರನ್‌ಗಳಿಂದ ಸೋತಿತು. ಆದರೆ ಆ ಆರು ವಾರ ಮುಗಿಯುವಷ್ಟರಲ್ಲಿ ಕ್ರೀಡಾ ಪ್ರಸಾರದ ವ್ಯಾಕರಣ ಬದಲಾಗಿತ್ತು. ನಿರೂಪಕಿ ಎಂಬ ಕುರ್ಚಿ ಅಲ್ಲಿಂದಾಚೆ ಖಾಲಿ ಬೀಳಲಿಲ್ಲ.

ಅದೇ ಕುರ್ಚಿಯನ್ನು ಮುಂದೆ ಗಟ್ಟಿ ಮಾಡಿದವರು ಮಯಾಂತಿ ಲ್ಯಾಂಗರ್. ಫುಟ್‌ಬಾಲ್ ಕಾರ್ಯಕ್ರಮಗಳಿಂದ ಶುರು ಮಾಡಿ, 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟ, 2011ರ ಕ್ರಿಕೆಟ್ ವಿಶ್ವಕಪ್ ದಾಟಿ ಐಪಿಎಲ್‌ಗೆ ಬಂದರು. 2012ರಲ್ಲಿ ಸ್ಟುವರ್ಟ್ ಬಿನ್ನಿ ಅವರನ್ನು ಮದುವೆಯಾಗಿ ರೋಜರ್ ಬಿನ್ನಿ ಮನೆಯ ಸೊಸೆಯಾದರು. ಗಂಡ 2014ರಲ್ಲಿ ಬಾಂಗ್ಲಾದೇಶದ ಎದುರು ಬರೀ ನಾಲ್ಕು ರನ್ ಕೊಟ್ಟು ಆರು ವಿಕೆಟ್ ಕಿತ್ತಾಗಲೂ, ಮತ್ತೊಂದು ದಿನ ಚೆನ್ನಾಗಿ ಹೊಡೆಸಿಕೊಂಡಾಗಲೂ, ಸಾಮಾಜಿಕ ಜಾಲತಾಣದ ಬಾಣಗಳು ತಿರುಗುತ್ತಿದ್ದುದು ಆಕೆಯ ಕಡೆಗೇ. 2020ರಲ್ಲಿ ಮಗು ಹುಟ್ಟಿದ್ದರಿಂದ ಆಕೆ ಐಪಿಎಲ್‌ನಲ್ಲಿ ಕಾಣಿಸಲಿಲ್ಲ. ಕೆಲಸದಿಂದ ತೆಗೆದರೇ ಎಂದು ಜನ ಊಹಿಸತೊಡಗಿದಾಗ ಕಾರಣವನ್ನು ತಾವೇ ಬರೆದು ತಿಳಿಸಬೇಕಾಯಿತು.

ಈ ಕಸುಬಿನಲ್ಲಿ ಪಿಂಚಣಿ ಇಲ್ಲ, ಬಡ್ತಿಯ ಏಣಿ ಇಲ್ಲ, ಒಪ್ಪಂದ ಮುಗಿದರೆ ಕಾರಣ ಹೇಳಬೇಕಾದವರೂ ಯಾರೂ ಇಲ್ಲ. 2016ರಲ್ಲಿ ಹರ್ಷ ಭೋಗ್ಲೆ ಅವರನ್ನೇ ಐಪಿಎಲ್ ಶುರುವಾಗುವ ಮೊದಲು ಕೈಬಿಡಲಾಯಿತು.

ಎಂಬತ್ತೆರಡಕ್ಕೆ ಆಲೌಟ್

ಚಾರು ಶರ್ಮಾ ಬದುಕಿನಲ್ಲಿ ಇಂಥ ತಿರುವು ಬಂದದ್ದು ಮೈಕ್ ಬಿಟ್ಟ ಮೇಲೆ. 2008ರಲ್ಲಿ ಐಪಿಎಲ್ ಹುಟ್ಟಿದಾಗ ವಿಜಯ್ ಮಲ್ಯ ಒಡೆತನದ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡದ ಮೊದಲ ಸಿಇಒ ಅವರು. ಏಪ್ರಿಲ್ 18ರ ರಾತ್ರಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಲೀಗ್‌ನ ಮೊತ್ತಮೊದಲ ಪಂದ್ಯ. ಕೋಲ್ಕತ್ತದ ಬ್ರೆಂಡನ್ ಮೆಕಲಂ 158 ರನ್ ಚಚ್ಚಿ ಔಟಾಗದೆ ಉಳಿದರು. ದ್ರಾವಿಡ್ ನಾಯಕತ್ವದ ಬೆಂಗಳೂರು ಇಡೀ ತಂಡವಾಗಿ ಗಳಿಸಿದ್ದು 82. ಸೋಲಿನ ಅಂತರ 140 ರನ್.

ಸೋಲುಗಳು ಮುಂದುವರಿದವು. ಟೂರ್ನಿ ನಡೆದಿರುವಾಗಲೇ, ಮೇ ತಿಂಗಳಲ್ಲಿ, ಶರ್ಮಾ ಹುದ್ದೆಯಿಂದ ಹೊರಬಂದರು. ಆ ಜಾಗಕ್ಕೆ ಬಂದವರು ಕರ್ನಾಟಕದ ಹಳೆಯ ಬ್ಯಾಟ್ಸ್‌ಮನ್ ಬ್ರಿಜೇಶ್ ಪಟೇಲ್. ಹದಿನಾಲ್ಕು ವರ್ಷದ ನಂತರ, ಎಡ್‌ಮೀಡ್ಸ್ ಕುಸಿದ ಆ ಮಧ್ಯಾಹ್ನ, ಐಪಿಎಲ್ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದು ಚಾರು ಶರ್ಮಾಗೆ ಫೋನ್ ಮಾಡಿದವರೂ ಇದೇ ಬ್ರಿಜೇಶ್ ಪಟೇಲ್.

ಕೆಲಸ ಹೋದ ಮೇಲೆ ನಿರೂಪಕನೊಬ್ಬ ಸಾಮಾನ್ಯವಾಗಿ ಮತ್ತೆ ಮೈಕ್ ಹುಡುಕಿಕೊಂಡು ಹೋಗುತ್ತಾನೆ. ಶರ್ಮಾ ತಲೆಯಲ್ಲಿ ಅಷ್ಟರೊಳಗೆ ಬೇರೊಂದು ಆಟ ಕೂತಿತ್ತು. 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ ಅವರು ಕಬಡ್ಡಿಗೆ ಕಾಮೆಂಟ್ರಿ ಹೇಳಿದ್ದರು. ಒಳಾಂಗಣದಲ್ಲಿ, ಮ್ಯಾಟ್ ಮೇಲೆ, ಬೆಳಕಿನ ಕೆಳಗೆ ಆಡಿದರೆ ಈ ಆಟಕ್ಕೆ ಗ್ಯಾಲರಿ ಹೇಗೆ ಕೂಗುತ್ತದೆ ಎಂಬುದನ್ನು ಅಲ್ಲಿ ಕಣ್ಣಾರೆ ಕಂಡಿದ್ದರು.

ಮೂವತ್ತು ಸೆಕೆಂಡಿನ ಉಸಿರು

ಕಬಡ್ಡಿ 1990ರ ಬೀಜಿಂಗ್ ಕೂಟದಿಂದ ಏಷ್ಯನ್ ಕ್ರೀಡೆಗಳ ಪದಕದ ಆಟ. ಪ್ರತಿ ನಾಲ್ಕು ವರ್ಷಕ್ಕೊಮ್ಮೆ ಭಾರತ ಚಿನ್ನ ತರುತ್ತಿತ್ತು. ಪತ್ರಿಕೆಗಳಲ್ಲಿ ಒಂದು ಕಾಲಂ ಸುದ್ದಿ ಬರುತ್ತಿತ್ತು. ಆಟಗಾರರು ರೈಲ್ವೆ, ಸೇನೆ, ಪೊಲೀಸ್ ಇಲಾಖೆಯ ಕೆಲಸಕ್ಕೆ ಮರಳುತ್ತಿದ್ದರು. ಟಿವಿಯವರಿಗೆ ಅದು ಹಳ್ಳಿ ಆಟ. ಜಾಹೀರಾತು ಯಾರು ಕೊಟ್ಟಾರು?

ಉದ್ಯಮಿ ಆನಂದ್ ಮಹೀಂದ್ರ ಮತ್ತು ಚಾರು ಶರ್ಮಾ ಸೇರಿ ಮಶಾಲ್ ಸ್ಪೋರ್ಟ್ಸ್ ಕಟ್ಟಿದ್ದು ಈ ಪ್ರಶ್ನೆಗೆ ಉತ್ತರವಾಗಿ. 2014ರ ಜುಲೈ 26ರಂದು ಪ್ರೊ ಕಬಡ್ಡಿ ಲೀಗ್ ಶುರುವಾಯಿತು. ಎಂಟು ತಂಡ, ಅದರಲ್ಲಿ ಬೆಂಗಳೂರು ಬುಲ್ಸ್ ಒಂದು. ಆಗಸ್ಟ್ 31ರ ಫೈನಲ್‌ನಲ್ಲಿ ಅಭಿಷೇಕ್ ಬಚ್ಚನ್ ಒಡೆತನದ ಜೈಪುರ ಪಿಂಕ್ ಪ್ಯಾಂಥರ್ಸ್, ಯು ಮುಂಬಾ ತಂಡವನ್ನು 35-24ರಿಂದ ಮಣಿಸಿತು. ಮೊದಲ ಆವೃತ್ತಿಯನ್ನು 43.5 ಕೋಟಿ ಜನ ನೋಡಿದರೆಂಬ ಅಂಕಿ ಹೊರಬಿದ್ದಾಗ ಜಾಹೀರಾತು ಕಂಪನಿಗಳು ಕುರ್ಚಿಯಿಂದ ಎದ್ದವು. ಆ ವರ್ಷ ದೇಶದಲ್ಲಿ ಅದಕ್ಕಿಂತ ಹೆಚ್ಚು ಜನ ನೋಡಿದ ಲೀಗ್ ಐಪಿಎಲ್ ಒಂದೇ. ಮುಂದೆ ಸ್ಟಾರ್ ಇಂಡಿಯಾ ಮಶಾಲ್‌ನ ಬಹುಪಾಲು ಷೇರನ್ನೇ ಕೊಂಡಿತು.

ಟಿವಿ ಬಲ್ಲವನ ಕೈ ಬಿದ್ದದ್ದು ಆಟದ ಕಟ್ಟಿನಲ್ಲಿ ಕಾಣುತ್ತದೆ. ಮಣ್ಣಿನ ಅಂಕಣದಲ್ಲಿ ರೈಡರ್ ಉಸಿರು ಎಷ್ಟು ಹೊತ್ತು ಹಿಡಿದಿದ್ದಾನೆ ಎಂಬುದು ಅಂಪೈರ್ ಕಿವಿಗೆ ಬಿಟ್ಟದ್ದು. ಲೀಗ್‌ನಲ್ಲಿ ರೈಡ್ ಎಂದರೆ ಮೂವತ್ತು ಸೆಕೆಂಡ್. ಪರದೆಯ ಮೇಲೆ ಗಡಿಯಾರ ಓಡುತ್ತದೆ. ಸತತ ಎರಡು ರೈಡ್ ಖಾಲಿ ಹೋದರೆ ಮೂರನೆಯದು ಮಾಡು ಇಲ್ಲವೇ ಮಡಿ: ಅಂಕ ತರದಿದ್ದರೆ ರೈಡರ್ ಔಟ್. ಒಂದೇ ದಾಳಿಯಲ್ಲಿ ಮೂರೋ ಅದಕ್ಕಿಂತ ಹೆಚ್ಚೋ ಅಂಕ ಬಂದರೆ ಸೂಪರ್ ರೈಡ್. ಅಂಕಣದಲ್ಲಿ ಮೂರೋ ಅದಕ್ಕಿಂತ ಕಡಿಮೆಯೋ ಮಂದಿ ಉಳಿದಿದ್ದಾಗ ರೈಡರ್‌ನನ್ನು ಕೆಡವಿದರೆ ಸೂಪರ್ ಟ್ಯಾಕಲ್, ಅದಕ್ಕೆ ಎರಡು ಅಂಕ. ಇಪ್ಪತ್ತು ನಿಮಿಷದ ಎರಡು ಅವಧಿ. ಒಂದು ಪಂದ್ಯ ಒಂದು ಗಂಟೆಯ ಪ್ರಸಾರದ ಆಸುಪಾಸಿಗೆ ಮುಗಿಯುತ್ತದೆ. ಕಾಮೆಂಟೇಟರನಿಗೆ ಪ್ರತಿ ಅರ್ಧ ನಿಮಿಷಕ್ಕೆ ದನಿ ಏರಿಸಲು ಒಂದು ಕಾರಣ, ಕ್ಯಾಮೆರಾಕ್ಕೆ ಪ್ರತಿ ಅರ್ಧ ನಿಮಿಷಕ್ಕೆ ಒಂದು ಮುಖ. ವರ್ಷಗಟ್ಟಲೆ ಸ್ಟುಡಿಯೊದಲ್ಲಿ ಕೂತು ನೋಡುಗ ಎಲ್ಲಿ ರಿಮೋಟ್ ಒತ್ತುತ್ತಾನೆ ಎಂದು ಕಲಿತವರಿಗೆ ಹೊಳೆಯುವ ವ್ಯವಸ್ಥೆ ಇದು.

ಆಟಗಾರರ ಬೆಲೆಯೂ ಬದಲಾಯಿತು. 2014ರ ಮೊದಲ ಹರಾಜಿನಲ್ಲಿ ಅತಿ ಹೆಚ್ಚು ಪಡೆದ ರಾಕೇಶ್ ಕುಮಾರ್‌ಗೆ ಸಿಕ್ಕದ್ದು 12.80 ಲಕ್ಷ ರೂಪಾಯಿ. 2018ರಲ್ಲಿ ಮೋನು ಗೋಯತ್ 1.51 ಕೋಟಿಗೆ ಹೋದರು. 2022ರಲ್ಲಿ ಪವನ್ ಸೆಹ್ರಾವತ್ ಬೆಲೆ 2.26 ಕೋಟಿ. ಇದೇ ಪವನ್ 2019ರ ಜನವರಿ 5ರ ಫೈನಲ್‌ನಲ್ಲಿ ಒಬ್ಬರೇ 22 ಅಂಕ ತಂದು ಬೆಂಗಳೂರು ಬುಲ್ಸ್‌ಗೆ ಮೊದಲ ಕಪ್ ಗೆದ್ದುಕೊಟ್ಟಿದ್ದರು. ಕರ್ನಾಟಕದವರೇ ಆದ ಅರ್ಜುನ ಪ್ರಶಸ್ತಿ ವಿಜೇತ ಬಿ.ಸಿ. ರಮೇಶ್ ಕೋಚ್ ಆಗಿ ಬಂಗಾಳ ವಾರಿಯರ್ಸ್‌ಗೂ ಪುಣೇರಿ ಪಲ್ಟನ್‌ಗೂ ಕಪ್ ಗೆಲ್ಲಿಸಿದರು. ಕೋವಿಡ್ ಕಾಲದ ಎಂಟನೇ ಆವೃತ್ತಿ ಇಡಿಯಾಗಿ ಬೆಂಗಳೂರಿನ ವೈಟ್‌ಫೀಲ್ಡ್‌ನ ಹೋಟೆಲೊಂದರಲ್ಲಿ, ಪ್ರೇಕ್ಷಕರಿಲ್ಲದೆ ನಡೆಯಿತು.

ಹೆಣ್ಣುಮಕ್ಕಳ ಪಾಲಿಗೆ ಈ ಬೆಳಕು ಅಷ್ಟು ಬೀಳಲಿಲ್ಲ. ಕಾರ್ಕಳ ಕಡೆಯ ಮಮತಾ ಪೂಜಾರಿ, ತೇಜಸ್ವಿನಿ ಬಾಯಿ ಇಬ್ಬರೂ ಅರ್ಜುನ ಪ್ರಶಸ್ತಿ ಪಡೆದವರು. ಮಹಿಳೆಯರಿಗಾಗಿ 2016ರಲ್ಲಿ ಲೀಗ್‌ನ ಜತೆಗೆ ಮೂರು ತಂಡಗಳ ಸ್ಪರ್ಧೆಯೊಂದು ನಡೆಯಿತು. ಮರುವರ್ಷ ಅದು ಬರಲಿಲ್ಲ.

ಕಿವಿಯಲ್ಲೊಂದು ದನಿ, ಬಾಯಲ್ಲೊಂದು ಮಾತು

ಪರದೆಯ ಮೇಲೆ ನಗುತ್ತ ಕೂತ ನಿರೂಪಕನ ಕೆಲಸ ನೋಡಿದಷ್ಟು ಸಲೀಸಲ್ಲ. ಕಿವಿಯಲ್ಲೊಂದು ಪುಟ್ಟ ಇಯರ್‌ಪೀಸ್ ಇರುತ್ತದೆ. ಅದರೊಳಗೆ ಕಂಟ್ರೋಲ್ ರೂಮಿನ ಪ್ರೊಡ್ಯೂಸರ್ ಮಾತಾಡುತ್ತಲೇ ಇರುತ್ತಾನೆ: ಜಾಹೀರಾತಿಗೆ ಇಪ್ಪತ್ತು ಸೆಕೆಂಡ್, ಟಾಸ್ ತಡವಾಗಿದೆ ಇನ್ನೆರಡು ನಿಮಿಷ ಎಳೆ, ಪ್ರಾಯೋಜಕರ ಹೆಸರು ಬಿಟ್ಟುಹೋಗಿದೆ ಸೇರಿಸು. ಅದೇ ಹೊತ್ತಿಗೆ ಎದುರಿನ ಮಾಜಿ ಆಟಗಾರನ ಮಾತು ಕೇಳಬೇಕು, ಮುಂದಿನ ಪ್ರಶ್ನೆ ಜೋಡಿಸಬೇಕು, ಕ್ಯಾಮೆರಾ ಯಾವುದೆಂದು ನೋಡಬೇಕು, ಎಣಿಕೆ ಸೊನ್ನೆಗೆ ಬರುವಾಗ ವಾಕ್ಯ ಮುಗಿಸಬೇಕು. ಮಳೆ ಬಂದು ಪಂದ್ಯ ನಿಂತರೆ ಎರಡು ತಾಸು ಮಾತಿಗೆ ಬರವಿಲ್ಲದಂತೆ ನೋಡಿಕೊಳ್ಳಬೇಕು. ಆ ಎರಡು ತಾಸಿಗೆ ಬೇಕಾದ ಸರಕು ಹಿಂದಿನ ರಾತ್ರಿ ಓದಿದ ಟಿಪ್ಪಣಿಯಿಂದಲೇ ಬರಬೇಕು.

ಕಾಮೆಂಟೇಟರನದು ಇನ್ನೊಂದು ಬಗೆ. ಒಬ್ಬ ನಡೆಯುತ್ತಿರುವುದನ್ನು ಹೇಳುತ್ತಾನೆ, ಜತೆಯವ ಯಾಕೆ ಹಾಗಾಯಿತೆಂದು ಬಿಡಿಸುತ್ತಾನೆ. ಎರಡನೇ ಕುರ್ಚಿ ಹೆಚ್ಚಾಗಿ ಆಡಿದವರಿಗೇ ಮೀಸಲು. ಮೊದಲ ಕುರ್ಚಿ ಮತ್ತು ನಿರೂಪಕನ ಕುರ್ಚಿಯಲ್ಲಿ ಮಾತ್ರ ಆಡದವರಿಗೂ ಜಾಗವಿದೆ. 2022ರ ಹರಾಜಿನಲ್ಲಿ ಶರ್ಮಾಗೆ ತಯಾರಿಗೆಂದು ಸಿಕ್ಕದ್ದು ನಿಮಿಷಗಳು. ಆದರೆ ಆಟಗಾರರ ಹೆಸರು, ಊರು, ತಂಡಗಳ ಹಣದ ಲೆಕ್ಕ, ಸಭೆಯ ಮುಂದೆ ದನಿ ನಡುಗದಂತೆ ನಿಲ್ಲುವುದು, ಇವನ್ನೆಲ್ಲ ಕ್ವಿಜ್ ವೇದಿಕೆ, ದೂರದರ್ಶನ, ಎಕ್ಸ್‌ಟ್ರಾ ಇನಿಂಗ್ಸ್, ಕಬಡ್ಡಿ ಅಂಕಣಗಳಲ್ಲಿ ಮೊದಲೇ ಗಳಿಸಿಟ್ಟಿದ್ದರು.

ಕನ್ನಡದ ಪಾಳಿ

ತೇರದಾಳದವರು ಬಹುಕಾಲ ಆಟದ ಮಾತನ್ನು ಬೇರೆ ನುಡಿಗಳಲ್ಲೇ ಕೇಳಿದವರು. ಟಿವಿಯಲ್ಲಿ ಹಿಂದಿ, ಇಂಗ್ಲಿಷ್. ರೇಡಿಯೊ ಮುಳ್ಳು ತುಸು ಸರಿದರೆ ಸಾಂಗ್ಲಿ ಆಕಾಶವಾಣಿಯ ಮರಾಠಿ. ಮರಾಠಿಯಲ್ಲಿ ಬಾಳ ಪಂಡಿತರಂಥವರು ರೇಡಿಯೊ ಕಾಲದಲ್ಲೇ ಕ್ರಿಕೆಟ್ ವಿವರಣೆಗೊಂದು ಭಾಷೆ ಕಟ್ಟಿಕೊಟ್ಟಿದ್ದರು. ಟಿವಿಯಲ್ಲಿ ಕನ್ನಡದ ಸರದಿ ತಡವಾಗಿ ಬಂತು, ಬಂದದ್ದು ಕಬಡ್ಡಿಯ ಬೆನ್ನೇರಿ. ಲೀಗ್‌ನ ಎರಡನೇ ವರ್ಷ, 2015ರಲ್ಲಿ, ಸುವರ್ಣ ಪ್ಲಸ್ ವಾಹಿನಿಯಲ್ಲಿ ಕಬಡ್ಡಿ ಕನ್ನಡ ಮಾತಾಡಿತು. 2018ರ ಐಪಿಎಲ್ ಆರು ಭಾಷೆಗಳಲ್ಲಿ ಬಂದಾಗ ಕನ್ನಡವೂ ಅದರಲ್ಲಿತ್ತು. ಅದರ ಬೆನ್ನಿಗೇ ಸ್ಟಾರ್ ಸ್ಪೋರ್ಟ್ಸ್ ಕನ್ನಡಕ್ಕೇ ಒಂದು ವಾಹಿನಿ ತೆರೆಯಿತು.

ಇದು ಭಾಷಾಪ್ರೇಮದಿಂದ ಆದದ್ದಲ್ಲ, ವ್ಯಾಪಾರದ ಲೆಕ್ಕ. ಇಂಗ್ಲಿಷ್ ಹಿಂದಿ ನೋಡುಗರ ಸಂಖ್ಯೆ ಒಂದು ಮಟ್ಟಕ್ಕೆ ಬಂದು ನಿಂತಾಗ ಹೊಸ ನೋಡುಗ ಸಿಗುವುದು ಜಿಲ್ಲೆ ತಾಲ್ಲೂಕುಗಳಲ್ಲಿ. 2022ರ ಜೂನ್‌ನಲ್ಲಿ ಐದು ವರ್ಷದ ಐಪಿಎಲ್ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಹೋಯಿತು. ಅಷ್ಟು ಹಣ ಸುರಿದವರಿಗೆ ರಬಕವಿ-ಬನಹಟ್ಟಿಯ ಮಗ್ಗದವನೂ ಬೇಕು, ಮುಧೋಳದ ಕಬ್ಬು ಬೆಳೆಗಾರನೂ ಬೇಕು. 2023ರಲ್ಲಿ ಜಿಯೊಸಿನಿಮಾ ಹನ್ನೆರಡು ಭಾಷೆಗಳಲ್ಲಿ, ಮೊಬೈಲಿನಲ್ಲಿ ಪುಕ್ಕಟೆಯಾಗಿ ಐಪಿಎಲ್ ತೋರಿಸಿತು.

ಹೀಗೆ ಕನ್ನಡದಲ್ಲೊಂದು ಹೊಸ ಕಸುಬು ಹುಟ್ಟಿತು. ಅದರ ಮೊದಲ ಸಾಲಿನಲ್ಲಿ ನಿಂತವರು ಆಡಿ ಬಂದವರು. 1999ರ ನೈರೋಬಿ ಎಲ್‌ಜಿ ಕಪ್‌ನಲ್ಲಿ, ಆಡಿದ ಮೊದಲ ಸರಣಿಯಲ್ಲೇ ಸರಣಿ ಶ್ರೇಷ್ಠರಾದ ವಿಜಯ್ ಭಾರದ್ವಾಜ್. ಭಾರತಕ್ಕೆ 1996ರಲ್ಲಿ ಎರಡು ಏಕದಿನ ಪಂದ್ಯ ಆಡಿದ ಸುಜಿತ್ ಸೋಮಸುಂದರ್. ಬಾಲಚಂದ್ರ ಅಖಿಲ್, ಭರತ್ ಚಿಪ್ಲಿ, ವೆಂಕಟೇಶ್ ಪ್ರಸಾದ್. ಕಡೂರಿನಿಂದ ಹೊರಟು ಭಾರತ ತಂಡ ಸೇರಿದ ವೇದಾ ಕೃಷ್ಣಮೂರ್ತಿ ಕನ್ನಡ ಕಾಮೆಂಟ್ರಿ ತಂಡ ಸೇರಿದಾಗ ಹೆಣ್ಣುದನಿಯೂ ಬಂತು. ಇವರು ಹೆಚ್ಚಾಗಿ ಮೈದಾನದಲ್ಲಿ ಕೂತು ಮಾತಾಡುವುದಿಲ್ಲ ಎಂಬುದು ಹಲವರಿಗೆ ಗೊತ್ತಿಲ್ಲ. ಪ್ರಾದೇಶಿಕ ಭಾಷೆಗಳ ಕಾಮೆಂಟ್ರಿ ಬಹುತೇಕ ಸ್ಟುಡಿಯೊದಲ್ಲಿ, ಟಿವಿ ಪರದೆ ನೋಡುತ್ತಲೇ ನಡೆಯುತ್ತದೆ. ಚೆಂಡು ಎತ್ತ ಹೋಯಿತೆಂದು ಅವರಿಗೂ ಕಾಣುವುದು ಮನೆಯಲ್ಲಿ ಕೂತವನಿಗೆ ಕಂಡಷ್ಟೇ. ಹಾಗಾಗಿ ಅವರ ಮಾತು ಚೆಂಡಿನ ಆಚೆಗೂ ಹೋಗಬೇಕಾಗುತ್ತದೆ: ಆಟಗಾರನ ಊರು, ಅವನ ಹಳೆಯ ಪಂದ್ಯ, ಅವನ ಗುರು.

ಇಂಗ್ಲಿಷ್ ಕಬಡ್ಡಿ ಕಾಮೆಂಟ್ರಿ ಮೊದಲ ವರ್ಷ ಅರ್ಧ ಹೊತ್ತು ಪಾಠ ಹೇಳುವುದರಲ್ಲೇ ಕಳೆಯಿತು. ಬೋನಸ್ ಗೆರೆ ಯಾವುದು, ಲಾಬಿ ಎಂದರೇನು. ಕನ್ನಡಕ್ಕೆ ಆ ಭಾರವಿರಲಿಲ್ಲ. ಕೇಳುವವರಿಗೆ ಆಟ ಹೇಳುವವರಿಗಿಂತ ಚೆನ್ನಾಗಿ ಗೊತ್ತಿತ್ತು. ಕೊರತೆ ಇನ್ನೊಂದು ಕಡೆ. ಪರದೆಯ ಮೇಲಿನ ಕನ್ನಡ ಬಹುಮಟ್ಟಿಗೆ ಬೆಂಗಳೂರು ಮೈಸೂರಿನ ಕನ್ನಡ. ಕೃಷ್ಣೆಯ ಈ ದಂಡೆಯಲ್ಲಿ ರೈಡರ್‌ನನ್ನು ಹಿಡಿದು ಕೆಡವಿದಾಗ ಗ್ಯಾಲರಿಯಿಂದ ಹೊರಡುವ ಮಾತು ಸ್ಟುಡಿಯೊ ತಲುಪಿದ್ದು ಕಡಿಮೆ. ಜಿಯೊಸಿನಿಮಾದ ಹನ್ನೆರಡು ಭಾಷೆಗಳಲ್ಲಿ ಭೋಜಪುರಿಯೂ ಇತ್ತು, ಅದನ್ನು ಕೇಳಿ ದೇಶವೇ ನಕ್ಕು ಹಂಚಿಕೊಂಡಿತು. ಜವಾರಿ ಕನ್ನಡಕ್ಕೆ ಅಂಥದ್ದೇ ಪಾಳಿ ಕೊಟ್ಟರೆ ನೋಡುಗರು ಕಡಿಮೆಯಾಗುತ್ತಾರೆಂದು ಯಾರೂ ಸಾಧಿಸಿ ತೋರಿಸಿಲ್ಲ.

ರಾಜರು ಬಿಟ್ಟ ಜಾಗ

ತೇರದಾಳ ಸ್ವಾತಂತ್ರ್ಯಕ್ಕೆ ಮುನ್ನ ಸಾಂಗ್ಲಿಯ ಪಟವರ್ಧನ ಸಂಸ್ಥಾನಕ್ಕೆ ಸೇರಿದ ಊರು. ಅಲ್ಲಮಪ್ರಭು ದೇವಸ್ಥಾನ, ಹನ್ನೆರಡನೇ ಶತಮಾನದ ಜೈನ ಬಸದಿ, ಸುತ್ತ ಕಬ್ಬು, ಒಳಗೆ ಮಗ್ಗ. ಅದೇ ಸಂಸ್ಥಾನದ ರಾಜಧಾನಿ ಸಾಂಗ್ಲಿಯಲ್ಲಿ 1915ರಲ್ಲಿ ಹುಟ್ಟಿದವರು ಕ್ರಿಕೆಟಿಗ ವಿಜಯ್ ಹಜಾರೆ. ಸಾಂಗ್ಲಿಯಿಂದ ಪೂರ್ವಕ್ಕೆ, ಇಂದಿಗೂ ಕನ್ನಡ ಕೇಳುವ ಗಡಿಯೂರು ಜತ್ತ. ಅಲ್ಲಿನ ರಾಜರು 1930ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದ ಲೆಗ್‌ಸ್ಪಿನ್ನರ್ ಕ್ಲಾರಿ ಗ್ರಿಮೆಟ್‌ರನ್ನು ಕೋಚ್ ಆಗಿ ಕರೆಸಿಕೊಂಡರು. ಗ್ರಿಮೆಟ್ ಕೈಕೆಳಗೆ ಹಜಾರೆ ಪಳಗಿದರು. ಮುಂದೆ 1948ರಲ್ಲಿ ಅಡಿಲೇಡ್‌ನಲ್ಲಿ ಬ್ರಾಡ್ಮನ್ ತಂಡದ ಎದುರು ಒಂದೇ ಟೆಸ್ಟಿನಲ್ಲಿ 116 ಮತ್ತು 145 ಹೊಡೆದರು. 1952ರಲ್ಲಿ ಮದ್ರಾಸಿನಲ್ಲಿ ಭಾರತ ಮೊದಲ ಟೆಸ್ಟ್ ಗೆದ್ದಾಗ ನಾಯಕರೂ ಅವರೇ.

ಆಟಕ್ಕೆ ವೇದಿಕೆ ಕಟ್ಟುವ ಕೆಲಸ ಆಗ ರಾಜರದು. ಕುಸ್ತಿಗೂ ಹಾಗೆಯೇ. ಕೊಲ್ಹಾಪುರದ ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ್ ಮೈದಾನದ ಗಾಳಿ ಕೃಷ್ಣೆಯ ದಂಡೆಯ ಗರಡಿಮನೆಗಳಿಗೂ ಬೀಸಿತು. ಸಂಸ್ಥಾನಗಳು ಹೋದ ಮೇಲೆ ಆ ಕೆಲಸವನ್ನು ಊರ ಜಾತ್ರೆ ಸಮಿತಿಗಳು ವಹಿಸಿಕೊಂಡವು, ಟಿವಿ ಬಂದ ಮೇಲೆ ವಾಹಿನಿಗಳು. ಜಾತ್ರೆಯ ಬಯಲು ಜಂಗಿ ನಿಕಾಲಿ ಕುಸ್ತಿಗೆ ಇಂದಿಗೂ ಜನ ಸೇರುತ್ತಾರೆ. ಹಲಗಿ ಬಡಿಯುತ್ತದೆ. ಮೈಕಿನವನೊಬ್ಬ ಜೋಡಿಗಳ ಹೆಸರು, ಪೈಲ್ವಾನನ ಊರು, ಅವನ ಉಸ್ತಾದನ ಹೆಸರು, ಬೆಳ್ಳಿ ಕಡಗ ಕೊಟ್ಟ ದಾನಿಯ ಹೆಸರು, ಹೋದ ವರ್ಷ ಇದೇ ಅಖಾಡದಲ್ಲಿ ಆದ ಕುಸ್ತಿಯ ಫಲಿತಾಂಶ ಎಲ್ಲವನ್ನೂ ಚೀಟಿ ನೋಡದೆ ಹೇಳುತ್ತಾನೆ. ಪಟ್ಟು ಬಿದ್ದ ಕ್ಷಣ ಅದರ ಹೆಸರು ಅವನ ಬಾಯಿಂದ ಬಂದಿರುತ್ತದೆ. ತೆರಬಂಡಿ ಓಟಕ್ಕೂ ಸಂಗ್ರಾಣಿ ಕಲ್ಲು ಎತ್ತುವ ಸ್ಪರ್ಧೆಗೂ ಇಂಥವರೇ ಬೇಕು. ಸ್ಟುಡಿಯೊ ಭಾಷೆಯಲ್ಲಿ ಹೇಳುವುದಾದರೆ ಅವನೇ ನಿರೂಪಕ, ಅವನೇ ಕಾಮೆಂಟೇಟರ್, ಅವನೇ ಅಂಕಿಅಂಶ ವಿಭಾಗ.

ಕುಸ್ತಿಯನ್ನು ಟಿವಿಗೆ ತರುವ ಪ್ರಯತ್ನ ನಡೆದಿಲ್ಲವೆಂದಲ್ಲ. 2015ರ ಡಿಸೆಂಬರ್‌ನಲ್ಲಿ ಪ್ರೊ ರೆಸ್ಲಿಂಗ್ ಲೀಗ್ ಶುರುವಾಯಿತು, ಬೆಂಗಳೂರು ಯೋಧಾಸ್ ಎಂಬ ತಂಡವೂ ಅದರಲ್ಲಿತ್ತು. ಒಲಿಂಪಿಕ್ ನಿಯಮದ ಮ್ಯಾಟ್ ಕುಸ್ತಿ ಅದು. 2019ರ ನಂತರ ವರ್ಷಗಟ್ಟಲೆ ನಡೆಯಲಿಲ್ಲ. ಖೊಖೊ ಪಾಲಿಗೆ ಅದೃಷ್ಟ ತುಸು ಚೆನ್ನಾಗಿತ್ತು: 2022ರಲ್ಲಿ ಅಲ್ಟಿಮೇಟ್ ಖೊಖೊ ಲೀಗ್, 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ವಿಶ್ವಕಪ್. ಅಲ್ಲಿ ಭಾರತದ ಎರಡೂ ತಂಡ ಗೆದ್ದವು. ಆ ತಂಡಗಳಲ್ಲಿ ಕರ್ನಾಟಕದ ಎಂ.ಕೆ. ಗೌತಮ್ ಮತ್ತು ಬಿ. ಚೈತ್ರಾ ಇದ್ದರು.

ಮಣ್ಣಿನ ಕುಸ್ತಿ ಸದ್ಯಕ್ಕೆ ತನ್ನ ದಾರಿ ತಾನೇ ಹುಡುಕಿಕೊಂಡಿದೆ. ಬೆಳಗಾವಿ, ಬಾಗಲಕೋಟೆ, ಸಾಂಗ್ಲಿ ಕಡೆಯ ದೊಡ್ಡ ಕುಸ್ತಿಗಳು ಈಗ ಯೂಟ್ಯೂಬಿನಲ್ಲಿ ನೇರವಾಗಿ ಬರುತ್ತವೆ. ಅಲ್ಲಿ ಹೆಚ್ಚಾಗಿ ಒಂದೋ ಎರಡೋ ಕ್ಯಾಮೆರಾ. ಅಖಾಡದ ಧ್ವನಿವರ್ಧಕದಲ್ಲಿ ಕೇಳುವ ಮೈಕಿನವನ ದನಿಯೇ ಕಾಮೆಂಟ್ರಿ. ಪರದೆಯ ಮೇಲೆ ಗಡಿಯಾರ ಇರುವುದಿಲ್ಲ, ಪೈಲ್ವಾನನ ಹಿಂದಿನ ಗೆಲುವು ಸೋಲಿನ ಪಟ್ಟಿ ಇರುವುದಿಲ್ಲ, ಸಮಬಲ ಎಂದು ಬಿಡಿಸಿದ ಕುಸ್ತಿಯಲ್ಲಿ ಯಾರ ಕೈ ಮೇಲಿತ್ತೆಂದು ಬಿಡಿಸಿ ಹೇಳುವವರೂ ಇರುವುದಿಲ್ಲ. ಕಬಡ್ಡಿಗೆ 2014ರಲ್ಲಿ ಸೇರಿದ್ದು ಹೆಚ್ಚುಕಡಿಮೆ ಇವೇ ಸಂಗತಿಗಳು, ಜತೆಗೆ ಒಬ್ಬ ಉದ್ಯಮಿಯ ಹಣ. ಅದನ್ನು ಜೋಡಿಸಲು ಮುಂದಾದವನು ಟಿವಿಯಲ್ಲಿ ಮಾತಾಡಿ ಹೊಟ್ಟೆ ಹೊರೆದ ಮನುಷ್ಯ. ಜಾತ್ರೆಯ ಮೈಕಿನವನಿಗೆ ಹೆಸರು ಊರು ಪಟ್ಟು ಎಲ್ಲ ಗೊತ್ತು. ಅವನ ಕಿವಿಗೊಂದು ಇಯರ್‌ಪೀಸ್ ವೈರು, ಮುಂದೊಂದು ಮಾನಿಟರ್, ಪಕ್ಕದಲ್ಲಿ ಮಾಜಿ ಪೈಲ್ವಾನನೊಬ್ಬ ಬಂದು ಕೂತರೆ ತೇರದಾಳದಲ್ಲೇ ಮೊದಲ ಪ್ರಸಾರ ಶುರು ಮಾಡಬಹುದು.